ಬೋರ್ಡೋ ಡ್ರಮ್ಮು ಮತ್ತು ಬ್ಯೂರೆಟ್ಟು

ಮುಂಗಾರು ಕಾಲಿಡುವ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ಮೈಲುತುತ್ತದ ಚೀಲಗಳು ಬಿಚ್ಚಿಕೊಳ್ಳುತ್ತವೆ. ಒಂದು ಡ್ರಮ್ಮಿನಲ್ಲಿ ನೀಲಿ ಹರಳು ಕರಗುತ್ತದೆ, ಇನ್ನೊಂದರಲ್ಲಿ ಸುಣ್ಣ ಬುಸುಗುಟ್ಟುತ್ತದೆ. ಎರಡೂ ಸೇರಿ ತಿಳಿನೀಲಿ ಬೋರ್ಡೋ ದ್ರಾವಣವಾಗಿ ಕಾಫಿ ಗಿಡಕ್ಕೂ ಕರಿಮೆಣಸಿನ ಬಳ್ಳಿಗೂ ಸಿಂಪಡಣೆಯಾಗುತ್ತದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳು ಡಿಗ್ರಿಗೆ ಅರ್ಜಿ ಹಿಡಿದು ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳ ಕಾಲೇಜುಗಳ ಮುಂದೆ ನಿಂತಿರುತ್ತಾರೆ. ಅವರಲ್ಲಿ ಬಿ.ಎಸ್ಸಿ. ಸೇರಿ ರಸಾಯನಶಾಸ್ತ್ರ ಆರಿಸಿಕೊಂಡವರಿಗೆ ಮೊದಲ ವರ್ಷದ ಲ್ಯಾಬಿನ ಕಪಾಟಿನಲ್ಲಿ ಅದೇ ನೀಲಿ ಹರಳು ಎದುರಾಗುತ್ತದೆ. ಬಾಟಲಿಯ ಮೇಲೆ ಕಾಪರ್ ಸಲ್ಫೇಟ್ ಎಂದು ಬರೆದಿರುತ್ತದೆ, ಅಷ್ಟೇ. ತೋಟದ ಚೀಲಕ್ಕೂ ಲ್ಯಾಬಿನ ಬಾಟಲಿಗೂ ಇರುವ ನಂಟನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತಿಲ್ಲ. ಈ ಜಿಲ್ಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಕ್ರಮದಲ್ಲಿರುವ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಕೊಡಗಿಗೆ ಕಾಲೇಜು ಶಿಕ್ಷಣ ಹೊಸತೇನಲ್ಲ. ಇಂದು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು ಎಂದು ಕರೆಯುವ ಮಡಿಕೇರಿಯ ಸರ್ಕಾರಿ ಕಾಲೇಜು ಶುರುವಾದದ್ದು 1949ರಲ್ಲಿ. ಆಗ ಕೊಡಗು ಚೀಫ್ ಕಮಿಷನರ್ ಆಡಳಿತದ ಪ್ರತ್ಯೇಕ ಪ್ರಾಂತ್ಯ. ಮೈಸೂರು ರಾಜ್ಯದೊಂದಿಗೆ ವಿಲೀನವಾಗಲು ಇನ್ನೂ ಏಳು ವರ್ಷ ಬಾಕಿಯಿತ್ತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ನಾಲ್ಕು ದಶಕಗಳ ಕಾಲ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿದ್ದವು. ಕುಶಾಲನಗರದ ಕಡೆ ಚಿಕ್ಕ ಅಳುವಾರದಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರವೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಎರಡೇ ವರ್ಷಕ್ಕೆ, 2025ರ ಆರಂಭದಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಆ ಪಟ್ಟಿಯಲ್ಲಿ ಕೊಡಗಿನ ಹೆಸರೂ ಇತ್ತು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕೇ ಎಂಬ ಚರ್ಚೆ ನಡೆಯಲಿ. ಆದರೆ ಬೇಕು ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಬೇರೆ ಕಡೆ ಕಲಿಯಲಾಗದ ಯಾವುದನ್ನು ನಮ್ಮ ಮಕ್ಕಳು ಇಲ್ಲಿ ಕಲಿಯಬಹುದು? ರಸಾಯನಶಾಸ್ತ್ರದ ಮಟ್ಟಿಗಾದರೂ ನನ್ನ ಬಳಿ ಉತ್ತರವಿದೆ. ಅದನ್ನು ಆ ನೀಲಿ ದ್ರಾವಣದಿಂದಲೇ ಹೇಳತೊಡಗುತ್ತೇನೆ.

1869 ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ರಷ್ಯಾದಲ್ಲಿ ಮೆಂಡಲೀವ್ ತನ್ನ ಆವರ್ತ ಕೋಷ್ಟಕವನ್ನು ಪ್ರಕಟಿಸಿದ್ದು ಆ ವರ್ಷ. ಸಿಲೋನಿನ ಕಾಫಿ ಎಲೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿಯಂತೆ ಕಂಡ ತುಕ್ಕು ರೋಗದ ಶಿಲೀಂಧ್ರವನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದೂ ಅದೇ ವರ್ಷ. ಆ ರೋಗ ಸಿಲೋನಿನ ಕಾಫಿ ಉದ್ಯಮವನ್ನೇ ನೆಲಕಚ್ಚಿಸಿತು, ದಕ್ಷಿಣ ಭಾರತದ ಅರೇಬಿಕಾ ತೋಟಗಳನ್ನೂ ಬಿಡಲಿಲ್ಲ. ಮದ್ದು ಬಂದದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ. ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಎರಚುವ ರೂಢಿ ಅಲ್ಲಿತ್ತು. ಎರಚಿದ ಬಳ್ಳಿಗಳಿಗೆ ಬೂಜುರೋಗ ತಗುಲದ್ದನ್ನು ಬೋರ್ಡೋದ ಸಸ್ಯವಿಜ್ಞಾನಿ ಮಿಲ್ಲಾರ್ಡೆ ಗಮನಿಸಿದ, ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ. ನಮ್ಮ ಕಡೆ ಇದು ನೆಲೆಗೊಂಡದ್ದಕ್ಕೆ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ನೆನೆಯಬೇಕು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಮಲೆನಾಡಿನ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಬೋರ್ಡೋ ಸಿಂಪಡಣೆಯನ್ನು ಬೆಳೆಗಾರರಿಗೆ ಕಲಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದರ ಹಿಂದೆಯೂ ಅವರ ಶ್ರಮವಿದೆ. ಅದರ ಉಪಕೇಂದ್ರ ನಮ್ಮ ಚೆಟ್ಟಳ್ಳಿಗೆ 1946ರಲ್ಲಿ ಬಂತು.

ಈಗ ಡ್ರಮ್ಮಿನೊಳಗೆ ಇಣುಕೋಣ. ಒಂದು ಪರ್ಸೆಂಟ್ ಬೋರ್ಡೋ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ. ಕಾಫಿಯ ಕೊಳೆರೋಗಕ್ಕೆ ಇಷ್ಟು; ಎಲೆ ತುಕ್ಕಿಗಾದರೆ ಇದರ ಅರ್ಧ ಸಾಕು. ತೋಟದ ರೈಟರಿಗೂ ಮೇಸ್ತ್ರಿಗೂ ಈ ಅಳತೆ ಬಾಯಿಪಾಠ. ಆದರೆ ಸಮಸಮ ಯಾಕೆ? ಒಂದು ಕಿಲೋ ಮೈಲುತುತ್ತಕ್ಕೆ ನಿಜಕ್ಕೂ ಎಷ್ಟು ಸುಣ್ಣ ಬೇಕು? ಮೊದಲ ಸೆಮಿಸ್ಟರಿನ ಹುಡುಗಿಯೊಬ್ಬಳು ಹತ್ತು ನಿಮಿಷದಲ್ಲಿ ಮಾಡಿ ತೋರಿಸಬಹುದಾದ ಲೆಕ್ಕ ಇದು.

ರಸಾಯನಶಾಸ್ತ್ರದಲ್ಲಿ ಮೋಲ್ ಎಂಬ ಅಳತೆಯಿದೆ. ಪದಾರ್ಥಗಳು ಒಂದರೊಡನೊಂದು ವರ್ತಿಸುವುದು ಕಣಗಳ ಲೆಕ್ಕದಲ್ಲಿ, ನಾವು ತೂಗುವುದು ಕಿಲೋ ಲೆಕ್ಕದಲ್ಲಿ. ಕಾಫಿಬೀಜವನ್ನು ಯಾರೂ ಎಣಿಸಿ ಮಾರುವುದಿಲ್ಲ, ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬೀಜದ ತೂಕ ಗೊತ್ತಿದ್ದರೆ ಚೀಲದಲ್ಲಿ ಎಷ್ಟು ಬೀಜ ಎಂದು ಹೇಳುವುದು ಕಷ್ಟವಲ್ಲ. ಮೋಲ್ ಕೂಡ ಅಂಥದ್ದೇ ಚೀಲ, ಅದರೊಳಗಿನ ಕಣಗಳ ಸಂಖ್ಯೆ 6.022 ಗುಣಿಸು ಹತ್ತರ 23ನೆಯ ಘಾತ. ಮೈಲುತುತ್ತದ ಒಂದು ಮೋಲ್ ಸುಮಾರು 250 ಗ್ರಾಂ ತೂಗುತ್ತದೆ. ಪ್ರತಿ ತಾಮ್ರದ ಕಣದ ಜೊತೆ ಐದು ನೀರಿನ ಅಣುಗಳು ಹರಳಿನಲ್ಲೇ ಸೇರಿಕೊಂಡಿರುವುದರಿಂದ ಅಷ್ಟು ತೂಕ. ಹಾಗಾಗಿ ಒಂದು ಕಿಲೋದಲ್ಲಿ ಇರುವುದು ನಾಲ್ಕೇ ಮೋಲ್. ಸುಟ್ಟ ಸುಣ್ಣದ ಮೋಲ್ 56 ಗ್ರಾಂ. ಒಂದು ಕಿಲೋದಲ್ಲಿ ಹೆಚ್ಚುಕಡಿಮೆ 18 ಮೋಲ್. ತಾಮ್ರದ ಒಂದು ಮೋಲಿಗೆ ಸುಣ್ಣದ ಒಂದು ಮೋಲ್ ಸಾಕಾಗುವುದರಿಂದ, ಶುದ್ಧ ಸುಣ್ಣವಾದರೆ 225 ಗ್ರಾಮಿಗೇ ಮೈಲುತುತ್ತವೆಲ್ಲ ಮುಗಿಯಬೇಕು. ನಾವು ಹಾಕುತ್ತಿರುವುದು ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಹಾಗೆಂದು ಹಿರಿಯರ ಅಳತೆ ತಪ್ಪಲ್ಲ. ಗೂಡಿನಲ್ಲಿ ಸುಟ್ಟ ಸುಣ್ಣ ಎಂದೂ ಪೂರ್ತಿ ಶುದ್ಧವಿರುವುದಿಲ್ಲ. ಚೀಲ ಬಿಚ್ಚಿಟ್ಟರೆ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡು ಮೆಲ್ಲಗೆ ಮತ್ತೆ ಸುಣ್ಣಕಲ್ಲಿನ ಪುಡಿಯೇ ಆಗುತ್ತದೆ, ಆಗ ಅದಕ್ಕೆ ಮೈಲುತುತ್ತವನ್ನು ತಣಿಸುವ ಶಕ್ತಿ ಇರುವುದಿಲ್ಲ. ದ್ರಾವಣ ಸ್ವಲ್ಪ ಕ್ಷಾರದ ಕಡೆಗಿದ್ದರೆ ಎಲೆ ಸುಡುವುದೂ ಇಲ್ಲ. ಇದನ್ನೆಲ್ಲ ಅನುಭವದಿಂದ ಬಲ್ಲವರು ಕಣ್ಣುಮುಚ್ಚಿ ಸಮಸಮ ಹಾಕಿ ಎಂದರು. ಆದರೆ ಇಂದು ಒಳ್ಳೆಯ ಸ್ಪ್ರೇ ಲೈಮ್ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಅದರ ಶಕ್ತಿ ಎಷ್ಟು ಎಂದು ಅಳೆದು ಹಾಕಿದರೆ ಸುಣ್ಣವೂ ಉಳಿಯುತ್ತದೆ, ನಾಜಲ್ ಕಟ್ಟುವುದೂ ಕಡಿಮೆಯಾಗುತ್ತದೆ. ಅಳೆಯುವ ಕೆಲಸ ಕಾಲೇಜಿನ ಲ್ಯಾಬಿನದು.

ಸುಣ್ಣ ಬುಸುಗುಟ್ಟುವುದರಲ್ಲೂ ಒಂದು ಪಾಠವಿದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಪ್ರತಿ ಮೋಲಿಗೆ ಸುಮಾರು 65 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂದು ಕಿಲೋ ಸುಣ್ಣದ ಶಾಖದಿಂದ ಮೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಆದ್ದರಿಂದಲೇ ಸುಣ್ಣ ಅರಳಿಸುವಾಗ ಡ್ರಮ್ಮಿನ ಮೇಲೆ ಬಗ್ಗಬಾರದು. ಕಣ್ಣಿಗೆ ಹಾರಿದರೆ ಸುಡುವುದು ಶಾಖವೊಂದೇ ಅಲ್ಲ, ಕ್ಷಾರವೂ ಸೇರಿ ಕಣ್ಣನ್ನೇ ಕಳೆಯಬಹುದು. ಗಾಗಲ್ಸ್ ಇಲ್ಲದೆ ಮಕ್ಕಳನ್ನು ಲ್ಯಾಬಿಗೆ ಬಿಡುವುದು ಎಷ್ಟು ತಪ್ಪೋ ತೋಟದಲ್ಲಿ ಕಾರ್ಮಿಕರನ್ನು ಹಾಗೆ ಡ್ರಮ್ಮಿನ ಬಳಿ ನಿಲ್ಲಿಸುವುದೂ ಅಷ್ಟೇ ತಪ್ಪು.

ದ್ರಾವಣ ಹದವಾಗಿದೆಯೇ ಎಂದು ನೋಡಲು ತೋಟದಲ್ಲಿ ಚಾಕು ಅದ್ದುತ್ತಾರೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಅಲಗನ್ನು ಒಂದು ನಿಮಿಷ ಮುಳುಗಿಸಿ ತೆಗೆದಾಗ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಅಪ್ಪಟ ತಾಮ್ರ. ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ದ್ರಾವಣಕ್ಕಿಳಿಯುತ್ತದೆ, ಅವನ್ನು ಪಡೆದ ತಾಮ್ರದ ಅಯಾನು ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಉತ್ಕರ್ಷಣ, ಅಪಕರ್ಷಣ ಎಂದು ಪುಸ್ತಕ ಹೇಳುವುದು ಇದನ್ನೇ. ತಾಮ್ರದ ವಿಭವ ಧನ 0.34 ವೋಲ್ಟ್, ಕಬ್ಬಿಣದ್ದು ಋಣ 0.44 ವೋಲ್ಟ್; ನಡುವಿನ 0.78 ವೋಲ್ಟಿನ ಅಂತರವೇ ಈ ಕೊಡುಕೊಳ್ಳುವಿಕೆಯನ್ನು ನಡೆಸುವ ಬಲ. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದು ಎಂಬ ನಿಯಮಕ್ಕೂ ಇದೇ ಕಾರಣ. ಲ್ಯಾಬಿನಲ್ಲಿ ಇನ್ನೂ ಸೂಕ್ಷ್ಮವಾದ ಪರೀಕ್ಷೆಯಿದೆ: ಬೋರ್ಡೋವನ್ನು ಸೋಸಿ ತೆಗೆದ ತಿಳಿಗೆ ಪೊಟ್ಯಾಸಿಯಂ ಫೆರೋಸಯನೈಡಿನ ಒಂದು ಹನಿ ಬಿಟ್ಟಾಗ ಕೆಂಪುಕಂದು ಬಣ್ಣ ಬಂದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ. ಲವಣ ವಿಶ್ಲೇಷಣೆಯಲ್ಲಿ ತಾಮ್ರವನ್ನು ಖಚಿತಪಡಿಸಿಕೊಳ್ಳಲು ವಿದ್ಯಾರ್ಥಿ ಮಾಡುವ ಪರೀಕ್ಷೆಯೂ ಇದೇ. ಅದನ್ನು ನೂರಾರು ಸಲ ಮಾಡಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ತಮ್ಮ ತೋಟದ ಡ್ರಮ್ಮಿಗೂ ಹೊಂದುತ್ತದೆ ಎಂದು ಯಾರಾದರೂ ಹೇಳಿದ್ದಾರೆ?

ಹದವಾದ ದ್ರಾವಣದಲ್ಲಿ ತಾಮ್ರ ಇರುವುದು ಕರಗದ ಹೈಡ್ರಾಕ್ಸೈಡ್ ಮತ್ತು ಅದರ ಸೋದರ ಲವಣಗಳ ರೂಪದಲ್ಲಿ. ತಾಮ್ರದ ಹೈಡ್ರಾಕ್ಸೈಡಿನ ಕರಗುವಿಕೆಯ ಗುಣಲಬ್ಧ ದಶಮಾಂಶ ಬಿಂದುವಿನ ಬಳಿಕ ಹತ್ತೊಂಬತ್ತು ಸೊನ್ನೆ ದಾಟಿದ ಮೇಲೆ ಬರುವ ಅಂಕೆ. ಇಷ್ಟು ಕಡಿಮೆ ಕರಗುವುದರಿಂದಲೇ ಅದು ಮೊದಲ ಮಳೆಗೆ ತೊಳೆದುಹೋಗದೆ ಎಲೆಗೆ ಅಂಟಿಕೊಂಡಿರುತ್ತದೆ. ಮಳೆನೀರಿನ ಅಲ್ಪ ಆಮ್ಲೀಯತೆ, ಎಲೆ ಮತ್ತು ಶಿಲೀಂಧ್ರ ಸ್ರವಿಸುವ ರಸ ಇವುಗಳಿಂದ ಚೂರುಚೂರೇ ತಾಮ್ರದ ಅಯಾನು ಬಿಡುಗಡೆಯಾಗಿ, ಮೊಳೆಯಲು ಹೊರಟ ಬೀಜಕಣವನ್ನು ಕೊಲ್ಲುತ್ತದೆ. ಎಲೆಗೆ ಅಪಾಯವಾಗದಷ್ಟು ಕಡಿಮೆ, ಶಿಲೀಂಧ್ರ ಸಾಯುವಷ್ಟು ಸಾಕು.

ಲವಣ ವಿಶ್ಲೇಷಣೆ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಿಳಿಯದೋ ಬಣ್ಣದ್ದೋ ಒಂದು ಪುಡಿಯನ್ನು ಕೊಟ್ಟು ಇದರಲ್ಲಿ ಏನಿದೆ ಕಂಡುಹಿಡಿ ಎನ್ನುವ ಈ ಅಭ್ಯಾಸವನ್ನು ಕ್ರಮಬದ್ಧ ಮಾಡಿದವನು ಜರ್ಮನಿಯ ಫ್ರೆಸೀನಿಯಸ್, 1841ರ ತನ್ನ ಪುಸ್ತಕದಲ್ಲಿ. ಲೋಹಗಳನ್ನು ಗುಂಪುಗುಂಪಾಗಿ ಕೆಳಗಿಳಿಸುತ್ತ ಹೋಗುವುದು ಅದರ ಮರ್ಮ. ಆಮ್ಲ ಬೆರೆಸಿದ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೆ ಎರಡನೆಯ ಗುಂಪಿನ ತಾಮ್ರ ಕಪ್ಪಾಗಿ ಇಳಿಯುತ್ತದೆ. ಅಮೋನಿಯಾ ಹಾಕಿದರೆ ಮೂರನೆಯ ಗುಂಪಿನ ಕಬ್ಬಿಣ ಕೆಂಪುಕಂದಾಗಿ, ಅಲ್ಯೂಮಿನಿಯಂ ಬಿಳಿ ಲೋಳೆಯಾಗಿ ಬರುತ್ತವೆ. ಅಮೋನಿಯಾದ ಜೊತೆ ಮತ್ತೆ ಸಲ್ಫೈಡ್ ಹಾಯಿಸಿದರೆ ನಾಲ್ಕನೆಯ ಗುಂಪಿನ ಸತುವು, ಮ್ಯಾಂಗನೀಸು. ಅಮೋನಿಯಂ ಕಾರ್ಬೊನೇಟಿಗೆ ಐದನೆಯ ಗುಂಪಿನ ಕ್ಯಾಲ್ಸಿಯಂ. ಕೊನೆಗೆ ಉಳಿಯುವವು ಮೆಗ್ನೀಸಿಯಂ, ಪೊಟ್ಯಾಸಿಯಂ, ಅಮೋನಿಯಂ.

ಈ ಪಟ್ಟಿಯನ್ನು ತೋಟಗಾರನಿಗೆ ಓದಿ ಹೇಳಿ ನೋಡಿ. ಬೋರ್ಡೋದಲ್ಲಿ ತಾಮ್ರ. ಕಾಫಿಗೂ ಕಿತ್ತಳೆಗೂ ಎಲೆ ಕಿರಿದಾಗಿ ಹಳದಿಗಟ್ಟಿದಾಗ ಸಿಂಪಡಿಸುವ ಜಿಂಕ್ ಸಲ್ಫೇಟಿನಲ್ಲಿ ಸತುವು. ಮಣ್ಣಿಗೆ ಹಾಕುವ ಸುಣ್ಣದಲ್ಲಿ ಕ್ಯಾಲ್ಸಿಯಂ, ಡೋಲೋಮೈಟಿನಲ್ಲಿ ಅದರ ಜೊತೆಗೆ ಮೆಗ್ನೀಸಿಯಂ. ಪೊಟ್ಯಾಷ್ ಗೊಬ್ಬರದಲ್ಲಿ ಪೊಟ್ಯಾಸಿಯಂ, ಡಿಎಪಿಯಲ್ಲಿ ಅಮೋನಿಯಂ. ನಮ್ಮ ಕೆಂಪು ಮಣ್ಣಿನ ಬಣ್ಣಕ್ಕೆ ಕಬ್ಬಿಣ, ಅದರ ಆಮ್ಲೀಯ ತೊಂದರೆಗೆ ಅಲ್ಯೂಮಿನಿಯಂ. ಮೇಲೆ ಹೇಳಿದ ಒಂದೇ ಒಂದು ಗುಂಪೂ ತೋಟದಿಂದ ಹೊರಗಿಲ್ಲ. ಹೀಗಿರುವಾಗ ಈ ಪಾಠವನ್ನು ಎಲ್ಲಿಂದಲೋ ಬಂದ ನೀರಸ ಪಟ್ಟಿಯಂತೆ ಕಲಿಸುವುದು ಅನ್ಯಾಯ.

ತಾಮ್ರ ಎರಡನೆಯ ಗುಂಪಿನಲ್ಲಿ, ಸತುವು ನಾಲ್ಕನೆಯದರಲ್ಲಿ ಇಳಿಯುವುದೇಕೆ ಎಂಬುದು ಪಟ್ಟಿಗಿಂತ ಮುಖ್ಯ. ಎರಡೂ ಇಳಿಯುವುದು ಸಲ್ಫೈಡಾಗಿಯೇ. ದ್ರಾವಣದಲ್ಲಿ ಆಮ್ಲವಿದ್ದಾಗ ಸಲ್ಫೈಡ್ ಅಯಾನುಗಳ ಸಂಖ್ಯೆ ತೀರಾ ಕುಗ್ಗುತ್ತದೆ. ತಾಮ್ರದ ಸಲ್ಫೈಡಿಗೆ ಅಷ್ಟೂ ಸಾಕು, ಸತುವಿನದು ಅದಕ್ಕಿಂತ ಎಷ್ಟೋ ಹೆಚ್ಚು ಕರಗುವಂಥದ್ದಾದ್ದರಿಂದ ನೀರಿನಲ್ಲೇ ಉಳಿಯುತ್ತದೆ. ಆಮ್ಲದ ಮೇಲೆ ಹಿಡಿತ ಇಟ್ಟುಕೊಂಡರೆ ಬೆರೆತುಹೋದ ಎರಡು ಲೋಹಗಳನ್ನು ಬೇರ್ಪಡಿಸಬಹುದು. ಸಮತೋಲದ ಸಿದ್ಧಾಂತವನ್ನು ಬೋರ್ಡಿನ ಮೇಲೆ ಎಷ್ಟು ಬರೆದರೂ ಹತ್ತದ ವಿಷಯ ಟೆಸ್ಟ್ ಟ್ಯೂಬಿನಲ್ಲಿ ಕಪ್ಪು ಮೋಡ ಇಳಿಯುವುದನ್ನು ಕಂಡಾಗ ಹತ್ತುತ್ತದೆ. ತಾಮ್ರದ ದ್ರಾವಣಕ್ಕೆ ಅಮೋನಿಯಾವನ್ನು ಹನಿಹನಿಯಾಗಿ ಬಿಟ್ಟಾಗಲೂ ಹಾಗೆಯೇ. ಮೊದಲು ತಿಳಿನೀಲಿ ಒತ್ತರ ಕಾಣಿಸುತ್ತದೆ. ಇನ್ನಷ್ಟು ಬಿಟ್ಟರೆ ಅದು ಕರಗಿ ಕಣ್ಣು ಕೀಳಲಾಗದಂಥ ಗಾಢ ನೀಲಿಯಾಗುತ್ತದೆ. ನಾಲ್ಕು ಅಮೋನಿಯಾ ಅಣುಗಳು ತಾಮ್ರವನ್ನು ಸುತ್ತುವರಿದು ಹುಟ್ಟುವ ಈ ಸಂಕೀರ್ಣದಂಥವುಗಳ ರಚನೆಯನ್ನು 1893ರಲ್ಲಿ ವಿವರಿಸಿದ ಆಲ್ಫ್ರೆಡ್ ವೆರ್ನರ್‌ಗೆ 1913ರಲ್ಲಿ ನೊಬೆಲ್ ಬಂತು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಆಡುತ್ತ, ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಡಿಗ್ರಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕದೆದುರು ಕೂತ ಮಗುವಿಗೆ ಲ್ಯಾಬು ದೊಡ್ಡ ಆಸರೆ. ಬಣ್ಣ ಬದಲಾದದ್ದು ಯಾವ ಭಾಷೆಯವರಿಗೂ ಕಾಣುತ್ತದೆ. ಮೊದಲು ಕಾಣಲಿ, ಇಂಗ್ಲಿಷಿನ ಹೆಸರು ಆಮೇಲೆ ಕಲಿಯಲಿ.

ಅಮೋನಿಯಂ ಇದೆಯೇ ಎಂದು ನೋಡಲು ಲವಣಕ್ಕೆ ಕ್ಷಾರ ಹಾಕಿ ಬಿಸಿಮಾಡುತ್ತಾರೆ. ಮೂಗಿಗೆ ಹೊಡೆಯುವ ಘಾಟು ಬಂದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದಾಗ ಬಿಳಿ ಹೊಗೆ ಎದ್ದರೆ ಅಮೋನಿಯಾ ಎಂದು ಖಾತ್ರಿ. ಸುಣ್ಣವನ್ನೂ ಅಮೋನಿಯಂ ಗೊಬ್ಬರವನ್ನೂ ಒಟ್ಟಿಗೆ ಹಾಕಬೇಡಿ, ನಡುವೆ ಕೆಲವು ವಾರ ಬಿಡಿ ಎಂದು ಕೃಷಿ ಅಧಿಕಾರಿಗಳು ಹೇಳುವುದರ ಕಾರಣ ಈ ಪರೀಕ್ಷೆಯಲ್ಲೇ ಇದೆ. ಸುಣ್ಣವೂ ಕ್ಷಾರ. ದುಡ್ಡು ಕೊಟ್ಟು ತಂದ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ.

ಕೊಡಗಿನ ಮಣ್ಣಿಗೆ ಸುಣ್ಣ ಬೇಕಾಗುವುದು ಮಳೆಯಿಂದ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ತೊಳೆದುಹೋಗಿ ಅವುಗಳ ಜಾಗದಲ್ಲಿ ಹೈಡ್ರೋಜನ್, ಅಲ್ಯೂಮಿನಿಯಂ ಅಯಾನುಗಳು ಕೂರುತ್ತವೆ. ಯೂರಿಯಾ, ಅಮೋನಿಯಂ ಗೊಬ್ಬರಗಳೂ ಆಮ್ಲ ಹೆಚ್ಚಿಸುತ್ತವೆ. ಮಣ್ಣಿನ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗ ಹೈಡ್ರೋಜನ್ ಅಯಾನು ಹೊರಬೀಳುತ್ತದೆ. ಇದನ್ನು ಅಳೆಯುವ ಪಿಎಚ್ ಮಾಪಕವನ್ನು 1909ರಲ್ಲಿ ರೂಪಿಸಿದವನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್. ಇದು ಲಾಗರಿತಮಿಕ್ ಮಾಪಕ. 6ರಿಂದ 5ಕ್ಕೆ ಇಳಿಯಿತೆಂದರೆ ಆಮ್ಲೀಯತೆ ಹತ್ತು ಪಟ್ಟಾಯಿತು, 4ಕ್ಕೆ ಇಳಿದರೆ ನೂರು ಪಟ್ಟು. ಮಣ್ಣಿನ ವರದಿಯಲ್ಲಿ 5.2 ಎಂದೂ ಪಕ್ಕದ ತೋಟದ್ದು 6.2 ಎಂದೂ ಕಂಡರೆ ಒಂದೇ ಅಂಕದ ವ್ಯತ್ಯಾಸ ಎಂದು ಸುಮ್ಮನಾಗುವವರಿಗೆ ಇದು ತಿಳಿಯಬೇಕು. 5.5ಕ್ಕಿಂತ ಕೆಳಗೆ ಅಲ್ಯೂಮಿನಿಯಂ ಕರಗಿ ಬೇರನ್ನು ಕಾಡತೊಡಗುತ್ತದೆ, ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ.

ಇಷ್ಟು ಹೇಳಿದ ಮೇಲೆ ಟೈಟ್ರೇಷನ್ನಿಗೆ ಬರಬೇಕು. ಮೊದಲ ವರ್ಷದ ಲ್ಯಾಬಿನ ಜೀವ ಅದು. ಬ್ಯೂರೆಟ್ಟನ್ನು ನೀರಿನಲ್ಲಿ ತೊಳೆದ ಮೇಲೆ ತುಂಬಲಿರುವ ದ್ರಾವಣದಿಂದಲೇ ಇನ್ನೊಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಗೋಡೆಗಂಟಿದ ನೀರು ದ್ರಾವಣವನ್ನು ತೆಳು ಮಾಡುತ್ತದೆ. ಪಿಪೆಟ್ಟಿಗೂ ಹಾಗೆಯೇ. ಆದರೆ ಕೋನಿಕಲ್ ಫ್ಲಾಸ್ಕನ್ನು ಬರೀ ಡಿಸ್ಟಿಲ್ಡ್ ವಾಟರಿನಿಂದ ತೊಳೆಯಬೇಕು. ಅಲ್ಲಿ ನೀರು ಉಳಿದರೆ ಬಾಧೆಯಿಲ್ಲ, ದ್ರಾವಣ ಉಳಿದರೆ ಲೆಕ್ಕ ಕೆಡುತ್ತದೆ. ಯಾಕೆ ಹೀಗೆ ಎಂದು ಅರ್ಥವಾದ ವಿದ್ಯಾರ್ಥಿಗೆ ಪ್ರಮಾಣ ಮತ್ತು ಸಾರತೆಯ ವ್ಯತ್ಯಾಸ ಜೀವಮಾನಕ್ಕೆ ಸಾಕಾಗುವಷ್ಟು ಅರ್ಥವಾದಂತೆ. ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ, ಎರಡು ಹನಿ ಫಿನಾಲ್ಫ್‌ಥಲೀನ್, ಕೆಳಗೆ ಬಿಳಿ ಟೈಲ್. ಎಡಗೈ ನಲ್ಲಿಯ ಮೇಲೆ, ಬಲಗೈ ಫ್ಲಾಸ್ಕನ್ನು ತಿರುಗಿಸುತ್ತಿರಬೇಕು. ಸೋಡಿಯಂ ಹೈಡ್ರಾಕ್ಸೈಡ್ ಬಿದ್ದಲ್ಲಿ ಗುಲಾಬಿ ಎದ್ದು ಮಾಯವಾಗುತ್ತದೆ. ಬರಬರುತ್ತ ಮಾಯವಾಗುವುದು ನಿಧಾನವಾಗುತ್ತದೆ. ಆಗ ನಲ್ಲಿ ಬಿಗಿಮಾಡಿ ಒಂದೊಂದೇ ಹನಿ, ಕೊನೆಗೆ ಅರ್ಧ ಹನಿ ಬಿಡಬೇಕು. ಅರ್ಧ ನಿಮಿಷ ನಿಲ್ಲುವ, ಇದೆಯೋ ಇಲ್ಲವೋ ಎನ್ನುವಷ್ಟು ತೆಳು ಗುಲಾಬಿ ಸಿಕ್ಕರೆ ಅದೇ ಅಂತ್ಯಬಿಂದು. ಒಂದು ಹನಿ ಎಂದರೆ ಸುಮಾರು 0.05 ಮಿ.ಲೀ. ಅಷ್ಟರಮಟ್ಟಿನ ಸೂಕ್ಷ್ಮ ಕೈಗೆ ಬರಲು ತಿಂಗಳುಗಳೇ ಬೇಕು, ಪುಸ್ತಕದಿಂದ ಬರುವುದಿಲ್ಲ.

ಮಡಿಕೇರಿಯ ಮಳೆಗಾಲದಲ್ಲಿ ಈ ಪ್ರಯೋಗ ಇನ್ನೊಂದು ಪಾಠ ಕಲಿಸುತ್ತದೆ. ಸೋಡಿಯಂ ಹೈಡ್ರಾಕ್ಸೈಡಿನ ಬಿಳಿ ಗುಳಿಗೆಗಳನ್ನು ತಕ್ಕಡಿಗಿಟ್ಟರೆ ನೋಡುತ್ತಿದ್ದಂತೆಯೇ ಬೆವರಿ ತೂಕ ಏರುತ್ತದೆ. ಹಾಗಾಗಿ ಅದರ ತೂಕವನ್ನು ನಂಬಲಾಗದು, ಅದರ ಸಾರತೆಯನ್ನು ಟೈಟ್ರೇಷನ್ನಿನಿಂದಲೇ ಕಂಡುಕೊಳ್ಳಬೇಕು ಎಂಬುದು ಬಯಲುಸೀಮೆಯ ಬೇಸಿಗೆಯಲ್ಲಿ ಬರೀ ವಾಕ್ಯ, ಇಲ್ಲಿ ಕಣ್ಣೆದುರಿನ ಸತ್ಯ. ಎತ್ತರದ ಸಂಗತಿಯೂ ಹಾಗೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ಮಡಿಕೇರಿಯಲ್ಲಿ ಗಾಳಿಯ ಒತ್ತಡ 760ರ ಬದಲು ಹೆಚ್ಚುಕಡಿಮೆ 660 ಮಿ.ಮೀ. ಪಾದರಸ. ನೀರು ಕುದಿಯುವುದು 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಸೊನ್ನೆ ಡಿಗ್ರಿ, 760 ಮಿ.ಮೀ. ಒತ್ತಡದಲ್ಲಿ ಒಂದು ಮೋಲ್ ಅನಿಲ 22.4 ಲೀಟರ್ ಎಂದು ಪುಸ್ತಕ ಹೇಳಿದರೆ, ಮಡಿಕೇರಿಯಲ್ಲಿ 20 ಡಿಗ್ರಿಯ ದಿನ ಅದು 27.5 ಲೀಟರ್ ದಾಟುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಎಂದುಕೊಂಡು ರೆಕಾರ್ಡಿನಲ್ಲಿ 100 ಎಂದೇ ಬರೆಯುವ ವಿದ್ಯಾರ್ಥಿ ತನ್ನೂರಿನ ಬಗ್ಗೆ ತಿಳಿಯಬಹುದಾಗಿದ್ದ ಒಂದು ನಿಜವನ್ನು ಕೈಯಾರೆ ಅಳಿಸಿದಂತೆ.

ಹೀಗೆ ಬರೆಯುವ ಚಾಳಿ ಎಲ್ಲೆಲ್ಲೂ ಇದೆ. ನಾನು ನೋಡಿದ ಲ್ಯಾಬುಗಳಲ್ಲಿ ಮೂರು ರೀಡಿಂಗ್ ಬೇಕಾದಲ್ಲಿ ಒಂದೇ ಸಲ ಟೈಟ್ರೇಷನ್ ಮಾಡಿ ಉಳಿದೆರಡನ್ನು ಹೊಂದಿಸಿ ಬರೆಯುವವರಿದ್ದಾರೆ, ಲವಣ ಯಾವುದೆಂದು ಸೀನಿಯರಿಂದ ಕೇಳಿಕೊಂಡು ಪರೀಕ್ಷೆಗಳನ್ನು ಹಿಂದಿನಿಂದ ಮುಂದಕ್ಕೆ ಬರೆಯುವವರೂ ಇದ್ದಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಉತ್ತರ ಸರಿಯಾಗಿದ್ದರೆ ಪೂರ್ತಿ ಅಂಕ, ಇಲ್ಲದಿದ್ದರೆ ಕಡಿತ ಎಂಬ ವ್ಯವಸ್ಥೆಯಲ್ಲಿ ಪ್ರಾಮಾಣಿಕ ತಪ್ಪಿಗೆ ಶಿಕ್ಷೆ, ಅಂದದ ಸುಳ್ಳಿಗೆ ಬಹುಮಾನ. ನಾಳೆ ಇದೇ ಮಕ್ಕಳು ಔಷಧ ಕಂಪನಿಯ ಲ್ಯಾಬಿನಲ್ಲೋ ನೀರು ಪರೀಕ್ಷೆ ಮಾಡುವ ಕಡೆಯೋ ಕೂರುತ್ತಾರೆ. ಹೊಂದಿಸಿ ಬರೆದ ಅಂಕೆ ಅಲ್ಲಿ ಜನರ ಆರೋಗ್ಯವನ್ನೇ ತಟ್ಟುತ್ತದೆ. ತಾನು ಕಂಡದ್ದನ್ನೇ ಬರೆದು, ಅದು ಯಾಕೆ ತಪ್ಪಿರಬಹುದೆಂದು ವಿವರಿಸಿದವರಿಗೆ ಅಂಕ ಸಿಗುವಂತಾಗಬೇಕು.

ಸಿಂಕಿನ ಬಗ್ಗೆಯೂ ಒಂದು ಮಾತು. ಲ್ಯಾಬಿನಲ್ಲಿ ಚೆಲ್ಲಿದ ತಾಮ್ರ, ಸೀಸ, ಕ್ರೋಮಿಯಂ ಲವಣಗಳು ಹರಿದುಹೋಗಬಹುದಾದ ಇಲ್ಲಿನ ಹಳ್ಳಗಳಲ್ಲಿ ಬಹುಪಾಲು ಕಾವೇರಿಯನ್ನೇ ಸೇರುತ್ತವೆ. ಲೋಟದ ಬದಲು ಹನಿಗಳಲ್ಲಿ ಪ್ರಯೋಗ ಮಾಡುವ ಅರೆಸೂಕ್ಷ್ಮ ವಿಧಾನವನ್ನು ಎಲ್ಲ ಕಾಲೇಜುಗಳೂ ಕಟ್ಟುನಿಟ್ಟಾಗಿ ಪಾಲಿಸಬೇಕು, ಲೋಹದ ತ್ಯಾಜ್ಯವನ್ನು ಪ್ರತ್ಯೇಕ ಕ್ಯಾನಿನಲ್ಲಿ ಸಂಗ್ರಹಿಸಬೇಕು. ಬೋರ್ಡೋದ ತಾಮ್ರವೂ ದಶಕಗಳಿಂದ ತೋಟದ ಮಣ್ಣಿನಲ್ಲಿ ಸೇರುತ್ತಲೇ ಇದೆ, ಲೋಹ ಕೊಳೆತು ಹೋಗುವಂಥದ್ದಲ್ಲ. ಅಳೆದು ಹಾಕಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಖರ್ಚಿಗಿಂತ ಇದು ದೊಡ್ಡ ಕಾರಣ.

ಆದ್ದರಿಂದ ಕೊಡಗು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪಠ್ಯಕ್ರಮ ರೂಪಿಸುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಮೊದಲ ವರ್ಷದ ಪ್ರಯೋಗಗಳ ಪಟ್ಟಿಗೆ ಮೂರನ್ನು ಸೇರಿಸಿ. ಮೊದಲನೆಯದು ಸ್ಪ್ರೇ ಲೈಮಿನ ಶಕ್ತಿ ಅಳೆಯುವುದು. ಸಕ್ಕರೆ ನೀರಿನಲ್ಲಿ ಸುಣ್ಣ ಚೆನ್ನಾಗಿ ಕರಗುತ್ತದೆ, ಹಳತಾಗಿ ಕಾರ್ಬೊನೇಟ್ ಆದ ಪಾಲು ಕರಗುವುದಿಲ್ಲ. ಕರಗಿದ್ದನ್ನು ಹೈಡ್ರೋಕ್ಲೋರಿಕ್ ಆಮ್ಲದೊಡನೆ ಟೈಟ್ರೇಟ್ ಮಾಡಿದರೆ ಉಪಯೋಗಕ್ಕೆ ಬರುವ ಸುಣ್ಣ ಎಷ್ಟೆಂದು ತಿಳಿಯುತ್ತದೆ. ಎರಡನೆಯದು ಮಣ್ಣಿನ ಪಿಎಚ್. ಹತ್ತು ಗ್ರಾಂ ಮಣ್ಣಿಗೆ 25 ಮಿ.ಲೀ. ಡಿಸ್ಟಿಲ್ಡ್ ವಾಟರ್ ಬೆರೆಸಿ ಕಲಕಿ ಮೀಟರ್ ಅದ್ದಬೇಕು, ಪ್ರತಿ ವಿದ್ಯಾರ್ಥಿಯೂ ತನ್ನೂರಿನ ಮಣ್ಣನ್ನೇ ತರಬೇಕು. ಮೂರನೆಯದು ಕಾಚಂಪುಳಿ. ಪಂದಿಕರಿಗೆ ಹುಳಿ ಕೊಡುವ ಈ ಕಪ್ಪು ರಸದಲ್ಲಿ ಹೈಡ್ರಾಕ್ಸಿಸಿಟ್ರಿಕ್ ಮುಂತಾದ ಆಮ್ಲಗಳಿವೆ. ಬಣ್ಣ ಕಪ್ಪಾದ್ದರಿಂದ ಇಂಡಿಕೇಟರ್ ಕಾಣುವುದಿಲ್ಲ, ಚೆನ್ನಾಗಿ ತೆಳು ಮಾಡಿಕೊಳ್ಳಬೇಕು ಅಥವಾ ಪಿಎಚ್ ಮೀಟರ್ ಇಟ್ಟು ಟೈಟ್ರೇಟ್ ಮಾಡಬೇಕು. ಮನೆಯಲ್ಲಿ ಕಾಯಿಸಿದ್ದಕ್ಕೂ ಅಂಗಡಿಯಿಂದ ತಂದದ್ದಕ್ಕೂ ಹುಳಿಯಲ್ಲಿ ಎಷ್ಟು ಅಂತರವಿದೆ ಎಂದು ಮಕ್ಕಳೇ ಅಳೆದು ಹೇಳಲಿ. ಮೂರಕ್ಕೂ ಬ್ಯೂರೆಟ್ಟು, ಪಿಪೆಟ್ಟು, ಪಿಎಚ್ ಮೀಟರ್ ಬಿಟ್ಟರೆ ಬೇರೆ ಉಪಕರಣ ಬೇಡ.

ತೋಟಗಾರರಲ್ಲೂ ಒಂದು ವಿನಂತಿ ಇದೆ. ಹತ್ತಿರದ ಕಾಲೇಜಿನ ಮಕ್ಕಳು ಒಂದು ಹಿಡಿ ಸುಣ್ಣ, ಅರ್ಧ ಕಿಲೋ ಮಣ್ಣು ಕೇಳಿಕೊಂಡು ಬಂದರೆ ಕೊಟ್ಟು ಕಳಿಸಿ. ಅವರು ಬರೆದು ತರುವ ಅಂಕೆಯನ್ನು ಚೆಟ್ಟಳ್ಳಿ ಉಪಕೇಂದ್ರದ ವರದಿಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ಅವರನ್ನು ಕರೆದು ಕಾರಣ ಕೇಳಿ.